ಬಣ್ಣದ ಮನೆಯ ನೀರು ಮತ್ತೆ ಬಣ್ಣದ ಮನೆಗೆ: ಸಣ್ಣ ಡೈಯಿಂಗ್ ಘಟಕಗಳಿಗೊಂದು ಮಾರ್ಗದರ್ಶಿ

ಬಣ್ಣದ ನೀರು ಶುದ್ಧ ಮಾಡಿದ್ದೇವೆ ಎಂದು ಯಾರಾದರೂ ಗಾಜಿನ ಲೋಟದಲ್ಲಿ ತಿಳಿನೀರು ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ: ಟಿಡಿಎಸ್, ಅಂದರೆ ಒಂದು ಲೀಟರ್ ನೀರಲ್ಲಿ ಕರಗಿರುವ ಉಪ್ಪು ಮುಂತಾದವು, ಎಷ್ಟು ಮಿಲಿಗ್ರಾಂ? ಹೆಚ್ಚಿನ ಸಲ ಉತ್ತರ ಇರುವುದಿಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ. ಅಕ್ಕಪಕ್ಕದವರ ದೂರು ಬರುವುದೂ ಬಣ್ಣದಿಂದಲೇ. ಹಾಗಾಗಿ ದುಡ್ಡೆಲ್ಲ ಬಣ್ಣ ತೆಗೆಯುವುದಕ್ಕೇ ಹೋಗುತ್ತದೆ. ಆದರೆ ಅದೇ ನೀರನ್ನು ಮತ್ತೆ ಬಳಸಬೇಕು ಅಂದಾಗ ಅಡ್ಡ ಬರುವುದು ಉಪ್ಪು. ಅದು ಕಾಣುವುದಿಲ್ಲ, ಪಟಿಕ ಹಾಕಿದರೆ ತಳಕ್ಕೆ ಕೂರುವುದಿಲ್ಲ, ಮರಳಿನಲ್ಲಿ ಸೋಸಿದರೆ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾ ಅದನ್ನು ತಿನ್ನುವುದೂ ಇಲ್ಲ.

ತಮಿಳುನಾಡಿನ ತಿರುಪ್ಪೂರು ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿನ ಬಣ್ಣದ ಮನೆಗಳ ನೀರು ನೊಯ್ಯಲ್ ನದಿಗೆ ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು. ಹೊಲ ಹಾಳಾಗಿದ್ದು ಬಣ್ಣಕ್ಕಿಂತ ಜಾಸ್ತಿ ಉಪ್ಪಿನಿಂದ. ರೈತರು ಕೋರ್ಟಿಗೆ ಹೋದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಅವುಗಳಲ್ಲಿ ಎಷ್ಟೋ ಘಟಕಗಳು ಶುದ್ಧೀಕರಣದ ವ್ಯವಸ್ಥೆಗೆ ಅದಾಗಲೇ ದುಡ್ಡು ಹಾಕಿದ್ದವು.

ಈ ಲೇಖನ ದಿನಕ್ಕೆ ನೂರಿನ್ನೂರು ಕಿಲೋ ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಹಾಕುವ ಘಟಕಗಳಿಗಾಗಿ. ರಬಕವಿ-ಬನಹಟ್ಟಿ, ಇಳಕಲ್ಲಿನಂಥ ನೇಕಾರಿಕೆಯ ಊರುಗಳಲ್ಲಿ ಈ ಅಳತೆಯ ಕೆಲಸಕ್ಕೆ ಇದು ಹೊಂದುತ್ತದೆ. ರೇಷ್ಮೆಗೆ ಆ್ಯಸಿಡ್ ಬಣ್ಣ ಹಾಕುವವರಿಗೆ ಉಪ್ಪಿನ ಕಾಟ ಕಡಿಮೆ. ಅವರ ತೊಂದರೆ ಬೇರೆ, ರೇಷ್ಮೆಯ ಗೋಂದು ತೆಗೆದ ಸೋಪಿನ ನೀರು. ಅದರ ಬಗ್ಗೆ ಜೀವಾಣುಗಳ ಭಾಗದಲ್ಲಿ ಒಂದು ಮಾತು ಹೇಳುತ್ತೇನೆ.

ಮೊದಲ ಹಂತ: ಒಂದು ಬ್ಯಾಚಿನ ಲೆಕ್ಕ ಹಾಕಿ

ಯಂತ್ರ ಮಾರುವವರನ್ನು ಕರೆಯುವ ಮೊದಲು ಕಾಗದ, ಪೆನ್ನು ಹಿಡಿದು ಕೂತುಕೊಳ್ಳಿ. 100 ಕಿಲೋ ನೂಲು, ಕಿಲೋಗೆ 10 ಲೀಟರ್ ನೀರು. ಅಂದರೆ ಬಣ್ಣದ ತೊಟ್ಟಿಯಲ್ಲಿ 1000 ಲೀಟರ್. ನಡುಮಟ್ಟದ ಗಾಢ ಬಣ್ಣಕ್ಕೆ ಲೀಟರಿಗೆ 60 ಗ್ರಾಂ ಉಪ್ಪು, 20 ಗ್ರಾಂ ಸೋಡಾ ಆ್ಯಶ್ ಎಂದು ಇಟ್ಟುಕೊಳ್ಳೋಣ. ಒಟ್ಟು 80 ಕಿಲೋ. ಇದರಲ್ಲಿ ನೂಲಿನೊಳಗೆ ಉಳಿಯುವುದು ಏನೂ ಇಲ್ಲ. ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ, ಸೋಡಾ ಬಣ್ಣ ಕಚ್ಚಿಕೊಳ್ಳುವಂತೆ ಮಾಡುತ್ತದೆ, ಆಮೇಲೆ ಎರಡೂ ನೀರಿನ ಜೊತೆ ಹೊರಗೆ. ಬಣ್ಣದಲ್ಲೂ ನೂಲು ಹಿಡಿಯುವುದು ನೂರಕ್ಕೆ ಸುಮಾರು 60ರಿಂದ 80 ಪಾಲು. ಉಳಿದದ್ದು ನೀರಿನ ಜೊತೆಗೇ ಸೇರಿಕೊಂಡು ಕೆಲಸಕ್ಕೆ ಬಾರದೆ ಹೋಗುತ್ತದೆ.

ತೊಟ್ಟಿ ಖಾಲಿ ಮಾಡಿದಾಗ ಒದ್ದೆ ನೂಲು ತನ್ನ ತೂಕದ ಎರಡರಷ್ಟು, ಅಂದರೆ 200 ಲೀಟರ್ ನೀರು ಹಿಡಿದುಕೊಂಡಿರುತ್ತದೆ. ಹೊರಗೆ ಬರುವುದು 800 ಲೀಟರ್, ಅದರಲ್ಲಿ ಸೋಡಾ ಸೇರಿ 64 ಕಿಲೋ ಉಪ್ಪು. ನೂಲಿನಲ್ಲಿ ಉಳಿದದ್ದು 16 ಕಿಲೋ. ಮೊದಲ ತೊಳೆತಕ್ಕೆ 1000 ಲೀಟರ್ ಬಿಟ್ಟರೆ ಸುಮಾರು 13 ಕಿಲೋ ಆಚೆ ಬರುತ್ತದೆ. ಎರಡನೇ ತೊಳೆತದಲ್ಲಿ 2 ಕಿಲೋ ಚಿಲ್ಲರೆ. ಅಲ್ಲಿಂದ ಮುಂದೆ ಲೆಕ್ಕಕ್ಕೇ ಇಲ್ಲ.

ಈಗ ಎರಡು ದಾರಿ ನೋಡಿ. ಆರು ತೊಳೆತದ ನೀರನ್ನೂ ಬಣ್ಣದ ತೊಟ್ಟಿಯ ನೀರನ್ನೂ ಒಂದೇ ಗುಂಡಿಗೆ ಬಿಟ್ಟರೆ ಸುಮಾರು 7000 ಲೀಟರಿನಲ್ಲಿ 80 ಕಿಲೋ. ಟಿಡಿಎಸ್ 11,000 ದಾಟುತ್ತದೆ. ಆ ಇಡೀ ರಾಶಿಯನ್ನು ಸರಿಪಡಿಸುವುದು ಸಣ್ಣ ಘಟಕದ ಕೈಯಲ್ಲಿ ಆಗುವ ಮಾತಲ್ಲ. ಬಣ್ಣದ ತೊಟ್ಟಿ ಮತ್ತು ಮೊದಲ ತೊಳೆತದ 1800 ಲೀಟರನ್ನು ಬೇರೆ ಇಟ್ಟರೆ, ಉಳಿದ 5000 ಲೀಟರಿನಲ್ಲಿ ನೀವು ಸೇರಿಸಿದ ಉಪ್ಪು ಲೀಟರಿಗೆ ಬರೀ 500 ಮಿಲಿಗ್ರಾಂ ಆಸುಪಾಸು. ಬೋರ್‌ವೆಲ್ ನೀರಲ್ಲಿ ಮೊದಲೇ ಇರುವುದು ಬೇರೆ. ನಿಜವಾಗಿ ತೊಳೆಯುವಾಗ ಇನ್ನು ಸ್ವಲ್ಪ ಜಾಸ್ತಿಯೇ ಬರುತ್ತದೆ, ಯಾಕೆಂದರೆ ನೂಲಿನ ಎಳೆಯೊಳಗಿನ ಉಪ್ಪು ನಿಧಾನವಾಗಿ ಬಿಡುತ್ತದೆ. ಆದರೂ ಚಿತ್ರ ಬದಲಾಗುವುದಿಲ್ಲ.

ನಿಮ್ಮ ಘಟಕದಲ್ಲಿ ಇದನ್ನು ಅಳೆದು ನೋಡಿ. ಬಣ್ಣದ ತೊಟ್ಟಿ, ಪ್ರತಿ ತೊಳೆತ, ಸೋಪಿನ ನೀರು, ಎಲ್ಲದರಿಂದ ಒಂದೊಂದು ಬಾಟಲಿ ಹಿಡಿಯಿರಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸಾಕು. ಅಗ್ಗದ ಮೀಟರುಗಳು ಹತ್ತು ಸಾವಿರದ ಒಳಗೇ ಓದುವುದು. ಹಾಗಾಗಿ ಬಣ್ಣದ ತೊಟ್ಟಿಯ ನೀರನ್ನು ಶುದ್ಧ ನೀರಿನಲ್ಲಿ ಹತ್ತು ಪಟ್ಟು ತೆಳು ಮಾಡಿ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಅಂಕಿ ಇನ್ನೂ ಮೀರಿದರೆ ಮತ್ತೆ ತೆಳು ಮಾಡಿ. ಬಿಸಿ ನೀರನ್ನು ಆರಿಸಿಯೇ ಅಳೆಯಬೇಕು.

ಎರಡನೇ ಹಂತ: ನೀರನ್ನು ಬೇರೆ ಮಾಡಿ

ಇಡೀ ಕೆಲಸದಲ್ಲಿ ಖರ್ಚು ಕಡಿಮೆ, ಲಾಭ ಜಾಸ್ತಿ ಇರುವುದು ಈ ಹಂತದಲ್ಲೇ. ಬೇಕಾಗಿರುವುದು ಎರಡು ಪೈಪು, ಎರಡು ವಾಲ್ವು, ಎರಡು ತೊಟ್ಟಿ. ಒಂದು ಉಪ್ಪಿನ ತೊಟ್ಟಿ, ಇನ್ನೊಂದು ತೊಳೆತದ ತೊಟ್ಟಿ. ಉಪ್ಪಿನ ತೊಟ್ಟಿಯ ವಾಲ್ವಿಗೆ ಕೆಂಪು, ತೊಳೆತದ ತೊಟ್ಟಿಯ ವಾಲ್ವಿಗೆ ನೀಲಿ ಬಣ್ಣ ಬಳಿಯಿರಿ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ತಿರುಗಿಸುವವರಿಗೂ ಗೊತ್ತಾಗಬೇಕು. ಒಂದು ಸಲ ಬಣ್ಣದ ತೊಟ್ಟಿಯ ನೀರು ತಪ್ಪಾಗಿ ತೊಳೆತದ ತೊಟ್ಟಿಗೆ ಹೋದರೆ ಆ ದಿನದ ಶ್ರಮ ಅಲ್ಲಿಗೆ ಮುಗಿಯಿತು.

ಹೈಡ್ರೋ ಮಷಿನ್, ಅಂದರೆ ಒದ್ದೆ ನೂಲನ್ನು ಗಿರಗಿರ ತಿರುಗಿಸಿ ನೀರು ಹಿಂಡುವ ಯಂತ್ರ, ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸಾಮಾನ್ಯವಾಗಿ ಹೈಡ್ರೋಗೆ ನೂಲು ಹಾಕುವುದು ಎಲ್ಲ ತೊಳೆತ ಮುಗಿದ ಮೇಲೆ, ಒಣಗಿಸುವ ಮುಂಚೆ. ಬಣ್ಣದ ತೊಟ್ಟಿಯಿಂದ ತೆಗೆದ ಕೂಡಲೇ, ತೊಳೆಯುವ ಮೊದಲೇ ಒಂದು ಸುತ್ತು ಹಾಕಿ ನೋಡಿ. ನೂಲಿನಲ್ಲಿದ್ದ 200 ಲೀಟರ್ 60 ಲೀಟರಿಗೆ ಇಳಿಯಿತು ಎಂದುಕೊಳ್ಳಿ. ಆಗ ತೊಳೆತಕ್ಕೆ ಹೋಗುವ ಉಪ್ಪು 16 ಕಿಲೋ ಬದಲು 5 ಕಿಲೋಗಿಂತ ಕಡಿಮೆ. ಹಿಂಡಿದ 140 ಲೀಟರನ್ನು ಉಪ್ಪಿನ ತೊಟ್ಟಿಗೆ ಬಿಟ್ಟರೆ, ಬೇರೆ ಇಡಬೇಕಾದ್ದು ಒಟ್ಟು 940 ಲೀಟರ್ ಮಾತ್ರ. ಆರೂ ತೊಳೆತದ ನೀರು ಸೇರಿಸಿದರೂ ಹೆಚ್ಚುವರಿ ಟಿಡಿಎಸ್ 800ರ ಹತ್ತಿರ. ಕೆಲಸದವರಿಗೆ ಒಂದು ಸಲ ಜಾಸ್ತಿ ಎತ್ತಿಳಿಸುವ ಕೆಲಸ, ಗೊಣಗುತ್ತಾರೆ, ನಿಜ. ಆದರೆ ಇದರ ಮುಂದೆ ಲಕ್ಷಾಂತರದ ಯಂತ್ರವೂ ಸಪ್ಪೆ ಅನಿಸುತ್ತದೆ. ಬಿಸಿ ನೂಲು, ಸೋಡಾ ನೀರು, ಕೈಗೆ ಗ್ಲೌಸ್ ಇರಲೇಬೇಕು.

ಇದರ ಜೊತೆಗೇ ಇನ್ನೊಂದು ಪದ್ಧತಿ. ಇವತ್ತಿನ ಬ್ಯಾಚಿನ ಕೊನೆಯ ತೊಳೆತದ ನೀರು ಹೆಚ್ಚುಕಮ್ಮಿ ಹೊಸ ನೀರಿನ ಹಾಗೇ ಇರುತ್ತದೆ. ಅದನ್ನು ಶುದ್ಧೀಕರಣಕ್ಕೆ ಕಳಿಸಬೇಡಿ. ಹಿಡಿದಿಟ್ಟು ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ಸುಮ್ನೆ ಬಳಸಿ. ಕಪ್ಪಿನ ನೀರು ಬಿಳಿಗೆ ಹೋಗದಂತೆ ನೋಡಿಕೊಂಡರೆ ಸಾಕು.

ಮೂರನೇ ಹಂತ: ಸೇರಿಸಿ, ಆರಿಸಿ, ಸಮ ಮಾಡಿ

ತೊಳೆತದ ನೀರು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಒಮ್ಮೆ ಸೋಡಾದ ಕ್ಷಾರ, ಒಮ್ಮೆ ಅಸಿಟಿಕ್ ಆ್ಯಸಿಡ್ಡಿನ ಹುಳಿ. ಹೀಗೆ ಗಂಟೆಗೊಂದು ಗುಣದ ನೀರಿಗೆ ಮದ್ದಿನ ಪ್ರಮಾಣ ನಿಗದಿ ಮಾಡಲು ಆಗುವುದಿಲ್ಲ. ಹಾಗಾಗಿ ಅರ್ಧ ದಿನದ ನೀರಾದರೂ ಹಿಡಿಯುವ ತೊಟ್ಟಿ ಬೇಕು. ಸಣ್ಣ ಘಟಕಕ್ಕೆ ಇಡೀ ದಿನದ ನೀರು ಹಿಡಿಯುವುದೇ ವಾಸಿ. ಬರುವ ಬಾಯಿಗೆ ಜಾಲರಿ ಹಾಕಿ, ನೂಲಿನ ತುಂಡು ಪಂಪಿಗೆ ಸುತ್ತಿಕೊಳ್ಳುತ್ತದೆ. ತಳದಲ್ಲಿ ಪೈಪಿನಿಂದ ಗಾಳಿ ಬಿಟ್ಟರೆ ನೀರು ಕಲಕುತ್ತದೆ, ಆರುತ್ತದೆ, ನಾರುವುದೂ ಇಲ್ಲ.

ಆರಿದ ಮೇಲೆ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿ. ಸಾಮಾನ್ಯವಾಗಿ 9ರ ಮೇಲಿರುತ್ತದೆ. ಆ್ಯಸಿಡ್ ಹಾಕಿ 7ರ ಹತ್ತಿರ ತನ್ನಿ. ಇಲ್ಲಿ ಮೂರು ಎಚ್ಚರಿಕೆ. ಆ್ಯಸಿಡ್ಡನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು, ನೀರನ್ನು ಆ್ಯಸಿಡ್ಡಿಗೆ ಸುರಿಯಬಾರದು. ಸಲ್ಫರ್ ಕಪ್ಪು ಹಾಕುವ ಘಟಕವಾದರೆ ಆ ನೀರಲ್ಲಿ ಸೋಡಿಯಂ ಸಲ್ಫೈಡ್ ಇರುತ್ತದೆ. ಅದಕ್ಕೆ ಆ್ಯಸಿಡ್ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಆಮೇಲೆ ನಿಂತಿತು ಎಂದರೆ ಅಪಾಯ ಹೋಯಿತು ಎಂದಲ್ಲ, ಮೂಗು ಸತ್ತಿದೆ ಎಂದರ್ಥ. ಬ್ಲೀಚಿಂಗ್ ಪುಡಿ ಅಥವಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಇರುವ ನೀರಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಬರುತ್ತದೆ. ಈ ಎರಡು ನೀರನ್ನು ಮೊದಲೇ ಬೇರೆ ಹಿಡಿದು, ಬಯಲಿನಲ್ಲಿ ಗಾಳಿಯಾಡಿಸಿ, ತಿಳಿದವರನ್ನು ಕೇಳಿ ಆಮೇಲೆ ಮುಂದಕ್ಕೆ ಬಿಡಿ. ಮತ್ತೆ, ಮುಚ್ಚಿದ ತೊಟ್ಟಿ ತೊಳೆಯಲು ಯಾರನ್ನೂ ಇಳಿಸಬೇಡಿ. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿದು ಇಬ್ಬರೂ ಹೋಗುವುದು ಈ ಕೆಲಸದಲ್ಲಿ ಹೊಸದಲ್ಲ.

ನಾಲ್ಕನೇ ಹಂತ: ಜಾರ್ ಟೆಸ್ಟ್ ಮಾಡದೆ ಮದ್ದು ಹಾಕಬೇಡಿ

"ಸಾವಿರ ಲೀಟರಿಗೆ ಅರ್ಧ ಕಿಲೋ ಪಟಿಕ" ಎಂದು ಯಾರೋ ಹೇಳಿದ್ದನ್ನೇ ವರ್ಷಾನುಗಟ್ಟಲೆ ಹಾಕುವವರಿದ್ದಾರೆ. ಕೆಂಪು ಹಾಕಿದ ದಿನ, ನೀಲಿ ಹಾಕಿದ ದಿನ ಒಂದೇ ಪ್ರಮಾಣ ಹೇಗೆ ಸರಿಹೋಗುತ್ತದೆ, ಅಲ್ವಾ?

ಬಣ್ಣ, ಕೊಳೆಯನ್ನು ತಳಕ್ಕೆ ಕೂರಿಸಲು ಎಷ್ಟು ಮದ್ದು ಬೇಕು ಎಂದು ಸಣ್ಣ ಪಾತ್ರೆಗಳಲ್ಲಿ ನೋಡುವುದೇ ಜಾರ್ ಟೆಸ್ಟ್. ಅದಕ್ಕೆ ಬೇಕಾದ್ದು ಒಂದು ಲೀಟರಿನ ಐದು ಗಾಜಿನ ಪಾತ್ರೆ, ಒಂದು ಸಿರಿಂಜು, ಪಿಎಚ್ ಕಾಗದ. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಲ್ಲಿ ಕರಗಿಸಿ. ಇದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪಟಿಕ ಇರುತ್ತದೆ. ಐದು ಪಾತ್ರೆಗೂ ಒಂದೊಂದು ಲೀಟರ್ ತೊಳೆತದ ನೀರು ತುಂಬಿ, ಕ್ರಮವಾಗಿ 10, 20, 30, 40, 50 ಮಿಲಿಲೀಟರ್ ಹಾಕಿ. ಅಂದರೆ ಲೀಟರಿಗೆ 100ರಿಂದ 500 ಮಿಲಿಗ್ರಾಂ. ಮೊದಲು ಒಂದು ನಿಮಿಷ ಜೋರಾಗಿ ಕಲಕಿ. ಆಮೇಲೆ ಕಾಲು ಗಂಟೆ ಮೆಲ್ಲಗೆ ಕಲಕಿ. ಜೋರು ಕಲಕುವುದು ಮದ್ದು ಎಲ್ಲೆಡೆ ಸೇರಲಿ ಎಂದು, ಮೆಲ್ಲಗೆ ಕಲಕುವುದು ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಲಿ ಎಂದು. ಕೊನೆಗೆ ಅರ್ಧ ಗಂಟೆ ಹಾಗೇ ಬಿಡಿ. ಪಟಿಕ ಪಿಎಚ್ ಇಳಿಸುತ್ತದೆ, ಅದು ಕೆಲಸ ಮಾಡುವುದು 6ರಿಂದ 7.5ರ ನಡುವೆ. ಅಗತ್ಯ ಬಿದ್ದರೆ ಸ್ವಲ್ಪ ಸೋಡಾ ಹಾಕಿ ಸರಿಮಾಡಿ.

ಮೇಲಿನ ತಿಳಿಯನ್ನು ಬಿಳಿ ಬಟ್ಟಲಿಗೆ ಬಗ್ಗಿಸಿ ಬೆಳಕಿನಲ್ಲಿ ನೋಡಿ. ಯಾವ ಪಾತ್ರೆಯಿಂದ ಮುಂದೆ ಹೆಚ್ಚು ಪಟಿಕ ಹಾಕಿದರೂ ಬಣ್ಣ ಇಳಿಯಲಿಲ್ಲವೋ ಅದೇ ನಿಮ್ಮ ಪ್ರಮಾಣ. ಉದಾಹರಣೆಗೆ 400 ಮಿಲಿಗ್ರಾಂ ಬಂದರೆ 5000 ಲೀಟರಿಗೆ 2 ಕಿಲೋ. ಇದೇ ಪರೀಕ್ಷೆಯನ್ನು ಪಾಲಿ ಅಲ್ಯೂಮಿನಿಯಂ ಕ್ಲೋರೈಡಿನಲ್ಲೂ ಮಾಡಿ. ಮಾರುಕಟ್ಟೆಯಲ್ಲಿ ಅದನ್ನು ಪ್ಯಾಕ್ ಎನ್ನುತ್ತಾರೆ. ಬೆಲೆ ಪಟಿಕಕ್ಕಿಂತ ಜಾಸ್ತಿ, ಆದರೆ ಕಡಿಮೆ ಸಾಕಾಗುತ್ತದೆ, ಪಿಎಚ್ ಅಷ್ಟು ಬೀಳುವುದಿಲ್ಲ, ಗಸಿಯೂ ಕಡಿಮೆ. ಕಣಗಳು ಕೂರದೆ ತೇಲುತ್ತಿದ್ದರೆ ಪಾಲಿಎಲೆಕ್ಟ್ರೋಲೈಟ್ ಪುಡಿಯನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿಟ್ಟು, ಪ್ರತಿ ಲೀಟರ್ ತೊಳೆತದ ನೀರಿಗೆ 1 ಮಿಲಿಲೀಟರ್ ಹಾಕಿದರೆ ಕೂರುತ್ತದೆ.

ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ಸುಣ್ಣ ಹಾಕುವ ಹಳೆಯ ಪದ್ಧತಿ ಅಗ್ಗ. ಬಣ್ಣವನ್ನೂ ಚೆನ್ನಾಗಿ ಇಳಿಸುತ್ತದೆ. ಆದರೆ ನೀರನ್ನು ಹೊರಗೆ ಬಿಡುವುದಿದ್ದರೆ ಮಾತ್ರ ಅದು ಸರಿ. ಮತ್ತೆ ಬಳಸುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅನ್ನಭೇದಿಯ ಕಬ್ಬಿಣ ಸ್ವಲ್ಪ ಉಳಿದರೂ ತಿಳಿ ಬಣ್ಣಗಳು ಮಂಕಾಗುತ್ತವೆ. ಸುಣ್ಣ ನೀರನ್ನು ಗಡುಸು ಮಾಡುತ್ತದೆ. ಒಂದು ಕಾಯಿಲೆ ಕಳೆದು ಎರಡು ತಂದುಕೊಂಡಂತೆ.

ಇನ್ನೂ ಒಂದು ವಿಷಯ. ರಿಯಾಕ್ಟಿವ್ ಬಣ್ಣ ನೀರಲ್ಲಿ ಪೂರ್ತಿ ಕರಗಿರುತ್ತದೆ. ಹಾಗಾಗಿ ಪಟಿಕ ಅದನ್ನು ಪೂರ್ತಿ ಇಳಿಸದು. ವ್ಯಾಟ್, ಸಲ್ಫರ್, ಡಿಸ್ಪರ್ಸ್ ಬಣ್ಣಗಳ ಕಣ ಹಿಡಿದಷ್ಟು ಸುಲಭವಾಗಿ ಇದನ್ನು ಹಿಡಿಯಲು ಬರುವುದಿಲ್ಲ. ಇದಕ್ಕೆ ಡಿಕಲರೆಂಟ್ ಎಂಬ ದ್ರವ ಮಾರುತ್ತಾರೆ. ಮ್ಯಾಜಿಕ್ಕಿನ ಹಾಗೆ ಬಣ್ಣ ಕೂರುತ್ತದೆ. ಆದರೆ ಅಳತೆ ಮೀರಿ ಹಾಕಿದರೆ ಮಿಕ್ಕಿದ್ದು ನೀರಲ್ಲೇ ಉಳಿದು, ಮುಂದಿನ ಬ್ಯಾಚಿನ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ನೂಲಿನ ಮೇಲೆ ಕಲೆ ಕಲೆ ಬರುತ್ತದೆ. ಜಾರ್ ಟೆಸ್ಟಿನಲ್ಲಿ ಬಂದ ಪ್ರಮಾಣಕ್ಕಿಂತ ಒಂದು ತೊಟ್ಟು ಕಡಿಮೆಯೇ ಹಾಕಿ, ಉಳಿದ ತೆಳು ಬಣ್ಣವನ್ನು ಮುಂದಿನ ಹಂತಕ್ಕೆ ಬಿಡಿ.

ಐದನೇ ಹಂತ: ಗಸಿ

ಕೂರಿಸುವ ತೊಟ್ಟಿಯ ತಳ ಶಂಕುವಿನಂತೆ ಇಳಿಜಾರಿದ್ದರೆ ಗಸಿ ತೆಗೆಯುವುದು ಸುಲಭ. ತಿಳಿನೀರನ್ನು ಮೇಲಿಂದ ತೆಗೆಯಿರಿ, ಗಸಿಯನ್ನು ದಿನಾ ಕೆಳಗಿಂದ ಬಿಡಿ. ಮರಳು, ಜಲ್ಲಿಯ ಹಾಸಿನ ಮೇಲೆ ಒಣಗಿಸಿ. ಕೆಳಗೆ ಇಳಿದ ನೀರು ಮತ್ತೆ ತೊಳೆತದ ತೊಟ್ಟಿಗೇ ಬರಬೇಕು. ಮೇಲೆ ಸೂರು ಇರಲಿ, ಇಲ್ಲವಾದರೆ ಒಂದು ಮಳೆಗೆ ಎಲ್ಲ ವಾಪಸ್.

ಒಣಗಿದ ಗಸಿಯನ್ನು ಹಳ್ಳದ ದಂಡೆಗೆ, ಹೊಲಕ್ಕೆ, ಇಟ್ಟಿಗೆ ಭಟ್ಟಿಗೆ ಕೊಡುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಶುದ್ಧೀಕರಣದ ರಾಸಾಯನಿಕ ಗಸಿ ಅಪಾಯಕಾರಿ ತ್ಯಾಜ್ಯ. ಚೀಲದಲ್ಲಿ ತುಂಬಿ, ಸೂರಿನಡಿ, ತೂಕ ಬರೆದು ಇಡಬೇಕು. 90 ದಿನದೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ವಿಲೇವಾರಿ ಕೇಂದ್ರಕ್ಕೆ ಕಳಿಸಬೇಕು. ಕಳಿಸಿದ ರಸೀದಿ ಜೋಪಾನ.

ಆರನೇ ಹಂತ: ಜೀವಾಣುಗಳ ಕೆಲಸ

ಸೋಪು, ಅಸಿಟಿಕ್ ಆ್ಯಸಿಡ್, ಗಂಜಿ, ಇವು ನೀರಲ್ಲಿ ಉಳಿದರೆ ಶೇಖರಿಸಿಟ್ಟ ನೀರು ಎರಡು ದಿನಕ್ಕೆ ನಾರುತ್ತದೆ. ಇವನ್ನು ತಿನ್ನಲು ಬ್ಯಾಕ್ಟೀರಿಯಾ ಬೇಕು. ಸಣ್ಣ ಘಟಕಕ್ಕೆ ಒಂದೇ ತೊಟ್ಟಿಯಲ್ಲಿ ತುಂಬು, ಗಾಳಿ ಬಿಡು, ಕೂರಿಸು, ತಿಳಿ ತೆಗೆ ಎನ್ನುವ ಪದ್ಧತಿ ಅನುಕೂಲ. ಹತ್ತಿರದ ಯಾವುದಾದರೂ ಶುದ್ಧೀಕರಣ ಘಟಕದ ಜೀವಂತ ಕೆಸರು ತಂದು ಹಾಕಿ ಶುರು ಮಾಡಿ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಲಿ. ಬಣ್ಣದ ನೀರಲ್ಲಿ ಸಾರಜನಕ, ರಂಜಕ ಕಡಿಮೆ, ಹಾಗಾಗಿ ಸ್ವಲ್ಪ ಯೂರಿಯಾ, ಡಿಎಪಿ ಕೊಡಬೇಕಾಗುತ್ತದೆ. ಭಾನುವಾರ ಎಂದು ಗಾಳಿ ನಿಲ್ಲಿಸಿದರೆ ಸೋಮವಾರ ಬ್ಯಾಕ್ಟೀರಿಯಾ ಇರುವುದಿಲ್ಲ. ಟಿಡಿಎಸ್ ದಿನಕ್ಕೊಂದು ಥರ ಏರಿಳಿದರೂ ಅವು ಸಾಯುತ್ತವೆ. ಉಪ್ಪನ್ನು ಮೊದಲೇ ಬೇರೆ ಮಾಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಅಜೋ ಬಣ್ಣಗಳ, ಅಂದರೆ ಅಣುವಿನಲ್ಲಿ ಎರಡು ಸಾರಜನಕದ ಕೊಂಡಿ ಇರುವ ಬಣ್ಣಗಳ, ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಗಾಳಿ ಇಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಆ ಬಣ್ಣದ ಕೊಂಡಿ ಕತ್ತರಿಸುತ್ತವೆ, ನೀರು ತಿಳಿಯಾಗುತ್ತದೆ. ಆದರೆ ತುಂಡುಗಳು ಅಮೀನು ಎಂಬ ರಾಸಾಯನಿಕಗಳಾಗಿ ಉಳಿಯುತ್ತವೆ. ಅವುಗಳಲ್ಲಿ ಕೆಲವು ಬಣ್ಣಕ್ಕಿಂತ ಕೆಟ್ಟವು. ಹಾಗಾಗಿ ಗಾಳಿ ಇಲ್ಲದ ತೊಟ್ಟಿಯ ನಂತರ ಗಾಳಿ ಇರುವ ತೊಟ್ಟಿ ಇರಲೇಬೇಕು.

ರೇಷ್ಮೆಯ ಗೋಂದು ತೆಗೆದ ನೀರಲ್ಲಿ ಸೋಪು ಮತ್ತು ಸೆರಿಸಿನ್, ಅಂದರೆ ಆ ಗೋಂದು, ತುಂಬಿರುತ್ತದೆ. ಉಪ್ಪು ಕಡಿಮೆ, ಆಹಾರ ಜಾಸ್ತಿ. ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅಲ್ಲಿ ಈ ಹಂತವೇ ಮುಖ್ಯ, ಪಟಿಕ ಆಮೇಲೆ.

ಏಳನೇ ಹಂತ: ಸೋಸಿ, ಉಳಿದ ಬಣ್ಣ ತೆಗೆಯಿರಿ, ಮೆದು ಮಾಡಿ

ಮೊದಲು ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್. ಕ್ರಮ ತಿರುಗಿಸಿದರೆ ದುಬಾರಿ ಇದ್ದಿಲು ಕೆಸರಿನಿಂದ ಕಟ್ಟಿಕೊಳ್ಳುತ್ತದೆ. ಮರಳನ್ನು ದಿನಾ ಹಿಮ್ಮುಖ ನೀರು ಬಿಟ್ಟು ತೊಳೆಯಬೇಕು. ಇದ್ದಿಲಿನಿಂದ ಹೊರಬರುವ ನೀರಲ್ಲಿ ಬಣ್ಣದ ಛಾಯೆ ಕಂಡ ದಿನ ಅದರ ಆಯುಸ್ಸು ಮುಗಿಯಿತು ಎಂದು ತಿಳಿಯಿರಿ. ಹಿಮ್ಮುಖ ತೊಳೆದರೆ ಅದು ಮತ್ತೆ ಜೀವ ಪಡೆಯುವುದಿಲ್ಲ.

ಬಣ್ಣ ಹಟ ಹಿಡಿದರೆ ಓಝೋನ್ ಒಳ್ಳೆಯದು, ಬಣ್ಣದ ಅಣುವನ್ನೇ ಒಡೆಯುತ್ತದೆ, ಉಪ್ಪು ಸೇರಿಸುವುದಿಲ್ಲ. ಯಂತ್ರದ ಬೆಲೆ ಮತ್ತು ಕರೆಂಟ್ ಬಿಲ್ಲು ನೋಡಿ ತೀರ್ಮಾನಿಸಿ. ಹೈಪೋ ಹಾಕಿ ಬಣ್ಣ ಕಳೆಯುವುದು ಸುಲಭ, ಆದರೆ ಮತ್ತೆ ಬಳಸುವ ನೀರಿಗೆ ಬೇಡ. ಉಳಿದ ಕ್ಲೋರಿನ್ ಮುಂದಿನ ಬ್ಯಾಚಿನ ಬಣ್ಣವನ್ನು ತಿನ್ನುತ್ತದೆ, ಜೊತೆಗೆ ಕ್ಲೋರಿನ್ ಸೇರಿದ ಕೆಟ್ಟ ಸಂಯುಕ್ತಗಳು ಹುಟ್ಟುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿದ್ದರೆ ಅದು ಚೂರೂ ಉಳಿದಿಲ್ಲ ಎಂದು ಟೆಸ್ಟ್ ಕಾಗದದ ಪಟ್ಟಿಯಿಂದ ಪರೀಕ್ಷಿಸಿ.

ಕೊನೆಗೆ ಸಾಫ್ಟ್‌ನರ್, ಅಂದರೆ ನೀರಿನ ಗಡಸುತನ ತೆಗೆಯುವ ಯಂತ್ರ. ಗಡಸುತನ ಲೀಟರಿಗೆ 50 ಮಿಲಿಗ್ರಾಂ ಒಳಗೆ ಬರಬೇಕು. ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ: ಸಾಫ್ಟ್‌ನರ್ ಹಾಕಿದರೆ ಟಿಡಿಎಸ್ ಇಳಿಯುತ್ತದೆ ಎಂದು. ಇಳಿಯುವುದಿಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಶಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಅಷ್ಟೇ. ನೀರಲ್ಲಿ ಉಪ್ಪು ತುಂಬಾ ಇದ್ದರೆ ಆ ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ.

ಎಂಟನೇ ಹಂತ: ಎಷ್ಟು ಪಾಲು ಮತ್ತೆ ಬಳಸಬಹುದು?

ಆರ್‌ಒ, ಅಂದರೆ ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿ ಉಪ್ಪು ಬೇರೆ ಮಾಡುವ ಯಂತ್ರ, ಇಲ್ಲದೆ ನೀರನ್ನು ತಿರುಗಿಸುತ್ತಾ ಹೋದರೆ ಪ್ರತಿ ಸುತ್ತಿಗೂ ಉಪ್ಪು ಏರುತ್ತದೆ. ಎಲ್ಲಿಯವರೆಗೆ? ಬೋರ್‌ವೆಲ್ ನೀರು 600, ಪ್ರತಿ ಸುತ್ತಿಗೆ ನೀವು ಸೇರಿಸುವುದು 800 ಎಂದುಕೊಳ್ಳಿ. ಮೂರನೇ ಒಂದು ಪಾಲು ಹಳೆಯ ನೀರು, ಉಳಿದದ್ದು ಹೊಸತು ಎಂದರೆ ಬಳಕೆಯ ನೀರಿನ ಟಿಡಿಎಸ್ ಕೊನೆಗೆ 1000ಕ್ಕೆ ಬಂದು ನಿಲ್ಲುತ್ತದೆ. ಅರ್ಧಕ್ಕರ್ಧ ಎಂದರೆ 1400. ಮುಕ್ಕಾಲು ಪಾಲು ಹಳೆಯದು ಎಂದರೆ 3000. ಪಟಿಕ ಮತ್ತು ಆ್ಯಸಿಡ್ ಸೇರಿಸುವ ಉಪ್ಪು ಇದರ ಮೇಲೆ.

ನನ್ನ ಅಭಿಪ್ರಾಯದಲ್ಲಿ ಆರ್‌ಒ ಇಲ್ಲದ ಘಟಕ ಅರ್ಧದ ಆಸೆಗೆ ನಿಲ್ಲಬೇಕು. ಆ ನೀರನ್ನು ಕಪ್ಪು, ಕಡುನೀಲಿ, ಕಂದುಗೆಂಪಿನಂಥ ಗಾಢ ಬಣ್ಣಗಳ ಮೊದಲ ಎರಡು ತೊಳೆತಕ್ಕೆ, ನೆಲ ಮತ್ತು ತೊಟ್ಟಿ ತೊಳೆಯಲು ಬಳಸಿ. ಬಣ್ಣದ ತೊಟ್ಟಿಗೇ ಹಾಕುವುದಾದರೆ ಅದರಲ್ಲಿರುವ ಉಪ್ಪು ನಷ್ಟವೇನಲ್ಲ, ಹೇಗೂ ಉಪ್ಪು ಹಾಕುತ್ತೀರಿ. ಅಲ್ಲಿ ಕಾಟ ಕೊಡುವುದು ಬೈಕಾರ್ಬೊನೇಟ್, ಗಡಸುತನ, ಕಬ್ಬಿಣ. ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಬಿಸಿ ಏರಿದಂತೆ ಪಿಎಚ್ ಏರಿ, ಸೋಡಾ ಹಾಕುವ ಮೊದಲೇ ಬಣ್ಣ ಕಚ್ಚಲು ಶುರುವಾಗಿ ಪಟ್ಟೆ ಬೀಳುತ್ತದೆ. ಬಾಯ್ಲರಿಗಂತೂ ಈ ನೀರು ಬೇಡವೇ ಬೇಡ.

ಮೀಟರ್ ಎಷ್ಟೇ ಒಳ್ಳೆಯ ಅಂಕಿ ತೋರಿಸಲಿ, ತೀರ್ಪು ಕೊಡಬೇಕಾದ್ದು ನೂಲು. ಒಂದೇ ಲಡಿಯಿಂದ ಐದೈದು ಗ್ರಾಂನ ಎರಡು ತುಂಡು ತೆಗೆದು, ಒಂದನ್ನು ಹೊಸ ನೀರಲ್ಲಿ, ಇನ್ನೊಂದನ್ನು ತಿರುಗಿ ಬಂದ ನೀರಲ್ಲಿ, ಅದೇ ಪ್ರಮಾಣದಲ್ಲಿ ಬಣ್ಣ ಹಾಕಿ. ಒಣಗಿಸಿ, ಬೆಳಗಿನ ಹೊತ್ತು ಕಿಟಕಿಯ ಬೆಳಕಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ಟ್ಯೂಬ್‌ಲೈಟಿನಡಿ ನೋಡಬೇಡಿ. ಈ ಪರೀಕ್ಷೆಗೆ ತಿಳಿ ಬಣ್ಣವನ್ನೇ ಆರಿಸಿ. ನೀರಿನ ದೋಷವನ್ನು ಕಪ್ಪು ಮುಚ್ಚಿಹಾಕುತ್ತದೆ, ತಿಳಿ ಗುಲಾಬಿ ಬಯಲು ಮಾಡುತ್ತದೆ.

ಒಂಬತ್ತನೇ ಹಂತ: ಬೇರೆ ಇಟ್ಟ ಉಪ್ಪುನೀರು

ಇದೇ ಕಷ್ಟದ ಭಾಗ. ದಾರಿ ಮೂರಿವೆ.

ಮೊದಲನೆಯದು, ಅದನ್ನೇ ಮತ್ತೆ ಬಣ್ಣದ ತೊಟ್ಟಿಗೆ ಬಳಸುವುದು. ಪಿಎಚ್ 7ಕ್ಕೆ ತಂದು, ಓಝೋನ್ ಅಥವಾ ಇದ್ದಿಲಿನಿಂದ ಬಣ್ಣ ಕಳೆದು, ಉಪ್ಪು ಎಷ್ಟಿದೆ ಎಂದು ಹೈಡ್ರೋಮೀಟರಿನಲ್ಲಿ ನೋಡಿ, ಕಡಿಮೆ ಬಿದ್ದಷ್ಟು ಮಾತ್ರ ಹೊಸದಾಗಿ ಸೇರಿಸುವುದು. ತಿರುಪ್ಪೂರಿನ ಅರುಳ್‌ಪುರಂ ಸಾಮೂಹಿಕ ಘಟಕದಲ್ಲಿ ಉಪ್ಪುನೀರನ್ನು ಹೀಗೆ ವಾಪಸ್ ಕೊಡುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಸಣ್ಣ ಘಟಕದಲ್ಲಿ ಒಂದೇ ಕಪ್ಪನ್ನು ಮತ್ತೆ ಮತ್ತೆ ಹಾಕುವವರು ಇದನ್ನು ಮೊದಲು ಪ್ರಯತ್ನಿಸಬಹುದು. ಹತ್ತು ಬಗೆಯ ಬಣ್ಣ ಹಾಕುವವರಿಗೆ ಕಷ್ಟ.

ಎರಡನೆಯದು, ಉಪ್ಪನ್ನು ಹರಳಾಗಿ ಪಡೆಯುವುದು. ಇದಕ್ಕೆ ಅಡುಗೆ ಉಪ್ಪಿಗಿಂತ ಗ್ಲಾಬರ್ ಉಪ್ಪು, ಅಂದರೆ ಸೋಡಿಯಂ ಸಲ್ಫೇಟ್ ಅನುಕೂಲ. ಅದು ಅತಿ ಹೆಚ್ಚು ಕರಗುವುದು 32 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ತಣ್ಣಗಾದಂತೆ ಕರಗುವ ಶಕ್ತಿ ಜೋರಾಗಿ ಬೀಳುತ್ತದೆ. ಹಾಗಾಗಿ ಆವಿ ಮಾಡಿ ದಟ್ಟ ಮಾಡಿದ ನೀರನ್ನು ಚಿಲ್ಲರಿನಲ್ಲಿ ತಣಿಸಿದರೆ ಹರಳು ಬೀಳುತ್ತದೆ, ಬಣ್ಣ ಬಹುಪಾಲು ನೀರಲ್ಲೇ ಉಳಿಯುತ್ತದೆ. ಅಡುಗೆ ಉಪ್ಪು ಬಿಸಿಯಲ್ಲೂ ತಂಪಲ್ಲೂ ಹೆಚ್ಚುಕಮ್ಮಿ ಒಂದೇ ಥರ ಕರಗುತ್ತದೆ, ಈ ಉಪಾಯ ಅದಕ್ಕೆ ನಡೆಯದು. ಆವಿ ಯಂತ್ರ ಒಬ್ಬರ ಕೈಗೆ ಎಟುಕುವುದಿಲ್ಲ, ಹತ್ತಿಪ್ಪತ್ತು ಘಟಕ ಸೇರಿ ಸಾಮೂಹಿಕವಾಗಿ ಮಾಡುವ ಕೆಲಸ. ಆರ್‌ಒ ಹಾಕಿದರೂ ಕಥೆ ಇಲ್ಲಿಗೇ ಬರುತ್ತದೆ. ಆರ್‌ಒ ಉಪ್ಪನ್ನು ಮಾಯ ಮಾಡುವುದಿಲ್ಲ. ನಾಲ್ಕು ಪಾಲು ನೀರಲ್ಲಿ ಮೂರು ಪಾಲು ಒಳ್ಳೆಯದು ಕೊಟ್ಟು, ಉಪ್ಪನ್ನೆಲ್ಲ ಒಂದು ಪಾಲಿಗೆ ತುಂಬುತ್ತದೆ. ಆ ಒಂದು ಪಾಲನ್ನು ಎಲ್ಲಿ ಹಾಕುತ್ತೀರಿ ಎಂದು ಮಾರುವವರನ್ನು ಮೊದಲೇ ಕೇಳಿ.

ಮೂರನೆಯದು ಬಿಸಿಲು. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ದಿನಕ್ಕೆ 4 ಮಿಲಿಮೀಟರ್ ಆರುತ್ತದೆ ಎಂದು ಹಿಡಿದರೆ, ಒಂದು ಚದರ ಮೀಟರಿಗೆ 4 ಲೀಟರ್. ದಿನಕ್ಕೊಂದು ಬ್ಯಾಚಾದರೆ, ಹೈಡ್ರೋ ಮಾಡಿ ಉಳಿಸಿಕೊಂಡ 940 ಲೀಟರಿಗೆ 235 ಚದರ ಮೀಟರ್, ಅಂದರೆ ಎರಡೂಕಾಲು ಗುಂಟೆಯಷ್ಟು ಜಾಗ. ಹೈಡ್ರೋ ಮಾಡದೆ ಮೊದಲ ತೊಳೆತವನ್ನೂ ಸೇರಿಸಿದ 1800 ಲೀಟರಿಗೆ ನಾಲ್ಕೂವರೆ ಗುಂಟೆ. ಉಪ್ಪು ದಟ್ಟವಾದಂತೆ ಆರುವುದು ನಿಧಾನ, ಮಳೆಗಾಲದಲ್ಲಿ ಕೆಲಸವೇ ನಡೆಯದು. ಆದ್ದರಿಂದ ಜಾಗ ಎರಡರಷ್ಟು ಇರಲಿ. ಬರೀ ಒಂದು ಅಡಿ ಆಳ ಸಾಕು, ಆಳಕ್ಕಿಂತ ಅಗಲ ಮುಖ್ಯ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು, ಇಲ್ಲವಾದರೆ ಉಪ್ಪು ನಿಮ್ಮದೇ ಬೋರ್‌ವೆಲ್ಲಿಗೆ ಇಳಿಯುತ್ತದೆ. ತಳದಲ್ಲಿ ಉಳಿದ ಬಣ್ಣದುಪ್ಪನ್ನೂ ಗಸಿಯಂತೆಯೇ ವಿಲೇವಾರಿಗೆ ಕಳಿಸಬೇಕು.

ಕಾಗದಪತ್ರ

ಬಣ್ಣದ ಕೆಲಸ ಕೆಂಪು ವರ್ಗದ ಉದ್ಯಮ. ಈ ವ್ಯವಸ್ಥೆ ಕಟ್ಟುವ ಮೊದಲೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಮಳೆಗಾಲದಲ್ಲಿ ಸ್ವಲ್ಪ ನೀರು ಹೊರಗೆ ಬಿಡುವ ಯೋಚನೆ ಇದ್ದರೆ ನಿಮ್ಮ ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಅವಕಾಶ ಇದೆಯೇ ನೋಡಿ. ಕೇಂದ್ರ ಸರ್ಕಾರ 2016ರಲ್ಲಿ ಜವಳಿ ಉದ್ಯಮಕ್ಕೆ ನಿಗದಿ ಮಾಡಿದ ಮಿತಿಗಳಲ್ಲಿ ಲೀಟರಿಗೆ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 30, ಸಿಒಡಿ (ಅದೇ ಕೊಳೆಯನ್ನು ರಾಸಾಯನಿಕವಾಗಿ ಕಳೆಯಲು ಬೇಕಾಗುವ ಆಮ್ಲಜನಕ) 250, ಟಿಡಿಎಸ್ 2100 ಮಿಲಿಗ್ರಾಂ ಇದೆ. ಮಂಡಳಿ ಇದಕ್ಕಿಂತ ಬಿಗಿ ಷರತ್ತು ಹಾಕಬಹುದು. ಎರಡು ನೀರಿನ ಮೀಟರ್ ಕೂರಿಸಿ, ಒಂದು ಬೋರ್‌ವೆಲ್ಲಿಗೆ, ಇನ್ನೊಂದು ತಿರುಗಿ ಬರುವ ಪೈಪಿಗೆ. ದಿನಾ ಎರಡರ ಅಂಕಿ, ತೊಳೆತದ ತೊಟ್ಟಿಯ ಟಿಡಿಎಸ್, ಅವತ್ತು ಹಾಕಿದ ಬಣ್ಣ, ಪಟಿಕದ ತೂಕ ಬರೆದಿಡಿ. ಒಂದು ದಿನ ತೊಳೆತದ ತೊಟ್ಟಿಯ ಟಿಡಿಎಸ್ ದಿಢೀರ್ ಏರಿದ್ದರೆ ಶುದ್ಧೀಕರಣದಲ್ಲಿ ತಪ್ಪು ಹುಡುಕಬೇಡಿ. ಕೆಂಪು ವಾಲ್ವು ತಿರುಗಿಸಲು ಯಾರು ಮರೆತರು ಎಂದು ವಿಚಾರಿಸಿ.